ಬಡಾವಣೆಯ ನಿವಾಸಿಗಳ ಸಂಘ: ಮೊದಲು ನಕ್ಷೆ, ಆಮೇಲೆ ಮನವಿ ಪತ್ರ

ಕಲಬುರಗಿಯ ವರ್ತುಲ ರಸ್ತೆಯಾಚೆಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡಿದ್ದೀರಿ. ಉದ್ಯಾನಕ್ಕೆಂದು ಬಿಟ್ಟ ಖುಲ್ಲಾ ಜಾಗದಲ್ಲಿ ಯಾರೋ ಅಡಿಪಾಯ ತೋಡುತ್ತಿದ್ದಾರೆ, ಗಟಾರದ ನೀರು ಮುಂದಕ್ಕೆ ಹರಿಯುತ್ತಿಲ್ಲ, ಹೀಗಿರುವಾಗ ನಿವಾಸಿಗಳೆಲ್ಲ ಸೇರಿ ಸಂಘ ಕಟ್ಟಿದರೆ ಏನಾದರೂ ಪ್ರಯೋಜನವಾದೀತೇ ಎಂದು ಕೇಳಿದ್ದೀರಿ. ಆಗುತ್ತದೆ. ಸೇಡಂ ರಸ್ತೆಯ ಕಡೆಯ ಇಂಥದೇ ಒಂದು ಸಂಘದಲ್ಲಿ ಕೆಲವು ವರ್ಷಗಳಿಂದ ಕಾರ್ಯದರ್ಶಿಯ ಕೆಲಸ ನೋಡಿಕೊಳ್ಳುತ್ತಿರುವುದರಿಂದ ಇದನ್ನು ಹೇಳುತ್ತಿದ್ದೇನೆ. ಆದರೆ ಹೆಚ್ಚಿನವರು ಅಧ್ಯಕ್ಷರು ಯಾರು, ಬ್ಯಾನರಿನಲ್ಲಿ ಯಾರ ಭಾವಚಿತ್ರ ಎಂಬಲ್ಲಿಂದ ಆರಂಭಿಸುತ್ತಾರೆ. ತಾವು ಬಡಾವಣೆಯ ಅನುಮೋದಿತ ನಕ್ಷೆಯಿಂದ ಆರಂಭಿಸಿರಿ.

ನಿಮ್ಮ ರಸ್ತೆ, ಗಟಾರ ಮತ್ತು ಉದ್ಯಾನ ಈ ಹೊತ್ತಿನಲ್ಲಿ ಕಾನೂನಿನ ಪ್ರಕಾರ ಯಾರ ಸ್ವಾಧೀನದಲ್ಲಿವೆ ಎಂಬುದೇ ಮೊದಲ ಪ್ರಶ್ನೆ. ಖಾಸಗಿ ಬಡಾವಣೆಯಾದರೆ, ಅಭಿವೃದ್ಧಿಪಡಿಸಿದವರು ನಗರಾಭಿವೃದ್ಧಿ ಪ್ರಾಧಿಕಾರದಿಂದ ನಕ್ಷೆಗೆ ಅನುಮೋದನೆ ಪಡೆದು, ರಸ್ತೆ ಹಾಗೂ ಉದ್ಯಾನದ ಜಾಗಗಳನ್ನು ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡಬೇಕು. ಕಾಮಗಾರಿಗಳು ಮುಗಿದ ಬಳಿಕ ಬಡಾವಣೆಯು ನಿರ್ವಹಣೆಗಾಗಿ ಮಹಾನಗರ ಪಾಲಿಕೆಗೆ ಹಸ್ತಾಂತರವಾಗಬೇಕು. ಈ ಹಸ್ತಾಂತರ ಆಗದೇ ಇದ್ದಲ್ಲಿ, ತಾವು ಪಾಲಿಕೆಯ ಬಾಗಿಲಿಗೆ ಎಷ್ಟು ಸಲ ಹೋದರೂ ‘ಇದು ನಮಗಿನ್ನೂ ಬಂದಿಲ್ಲ’ ಎಂಬ ಉತ್ತರವೇ ದೊರೆಯುತ್ತದೆ, ಮತ್ತು ಆ ಉತ್ತರ ತಪ್ಪೂ ಅಲ್ಲ. ಆದ್ದರಿಂದ ಮಾಹಿತಿ ಹಕ್ಕು ಕಾಯ್ದೆ 2005ರ ಅಡಿ 10 ರೂಪಾಯಿ ಶುಲ್ಕದೊಂದಿಗೆ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟು, ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿಯನ್ನೂ ಹಸ್ತಾಂತರದ ದಾಖಲೆಗಳನ್ನೂ ಕೇಳಿರಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. ಸಂಕಟವನ್ನೆಲ್ಲ ಅದರಲ್ಲಿ ತೋಡಿಕೊಳ್ಳಲು ಹೋಗಬೇಡಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಸಲ್ಲಿಸಬಹುದು.

ನಕ್ಷೆ ಕೈಗೆ ಬಂದ ಮೇಲೆ ಅದನ್ನು ಕಪಾಟಿನಲ್ಲಿ ಇಡದೆ, ಟೇಪು ಹಿಡಿದು ಬಡಾವಣೆಯನ್ನು ಸುತ್ತಿರಿ. ನಮ್ಮ ಓಣಿಯಲ್ಲಿ ನಿವೃತ್ತ ಭೂಮಾಪಕರೊಬ್ಬರು ಇರುವುದು ನಮ್ಮ ಪುಣ್ಯ. ಅವರು ಅಳೆಸಿದಾಗ ನಕ್ಷೆಯಲ್ಲಿ ಒಂಬತ್ತು ಮೀಟರ್ ಇದ್ದ ರಸ್ತೆ ನೆಲದ ಮೇಲೆ ಏಳೂವರೆಗೆ ಇಳಿದಿತ್ತು. ಉಳಿದದ್ದು ಎಲ್ಲಿ ಹೋಯಿತೆಂದು ನೋಡಿದರೆ, ಎರಡೂ ಬದಿಯ ಮನೆಗಳ ಗೇಟಿನ ಮುಂದೆ ಶಹಾಬಾದ್ ಕಲ್ಲು ಹಾಸಿದ ಇಳಿಜಾರು, ತುಳಸಿ ಕಟ್ಟೆ, ಕಾರು ನಿಲ್ಲಿಸಲು ಹಾಕಿದ ತಗಡಿನ ನೆರಳು. ಒತ್ತುವರಿ ತೆರವಿಗೆಂದು ಸಹಿ ಹಾಕಿದವರ ಪೈಕಿ ಹಲವರ ಮೆಟ್ಟಿಲುಗಳೇ ಗಟಾರದ ಮೇಲೆ ಕುಳಿತಿದ್ದವು. ಆ ಸಂಜೆಯ ಸಭೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಈ ಹಂತದಲ್ಲೇ ಅನೇಕ ಸಂಘಗಳು ಒಡೆಯುತ್ತವೆ. ಹಾಗಾಗಿ ಅಳತೆಯನ್ನು ಎಲ್ಲರ ಮನೆಯ ಮುಂದೆಯೂ, ಪದಾಧಿಕಾರಿಗಳ ಮನೆಯಿಂದಲೇ ಆರಂಭಿಸಿ ಮಾಡಿರಿ.

ಉದ್ಯಾನದ ಜಾಗದ ವಿಷಯದಲ್ಲಿ ಕಾನೂನು ಬಹುಮಟ್ಟಿಗೆ ನಿಮ್ಮ ಕಡೆಗಿದೆ. ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ಸಂರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ನಿವೇಶನವನ್ನು ಆಸ್ಪತ್ರೆಗಾಗಿ ಹಂಚಿಕೆ ಮಾಡಿದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದಾಗ, ಹಂಚಿಕೆ ಅಸಿಂಧು ಎಂಬ ತೀರ್ಪನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಎತ್ತಿಹಿಡಿಯಿತು. ಆಸ್ಪತ್ರೆಯಂಥ ಒಳ್ಳೆಯ ಉದ್ದೇಶವೂ ಉದ್ಯಾನವನ್ನು ನುಂಗಲು ಸಾಲದೆಂದಾದ ಮೇಲೆ ಅಂಗಡಿ, ಗೋದಾಮುಗಳ ಮಾತೇನು? ನಿಮ್ಮಲ್ಲಿ ಏಳುತ್ತಿರುವುದು ಪ್ರಾರ್ಥನಾ ಸ್ಥಳವಾಗಿದ್ದರೆ ವಿಷಯ ನಾಜೂಕಿನದು. ರಸ್ತೆ, ಉದ್ಯಾನ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಯಾವುದೇ ಧರ್ಮದ ಹೊಸ ಕಟ್ಟಡಕ್ಕೆ ಅವಕಾಶ ಕೊಡಬಾರದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ ನಿಜ, ಆದರೆ ಆ ಆದೇಶದ ಪ್ರತಿಯನ್ನು ನೆರೆಯವರ ಮುಖದ ಮುಂದೆ ಹಿಡಿಯುವುದಕ್ಕಿಂತ ನಕ್ಷೆಯೊಂದಿಗೆ ಅಧಿಕಾರಿಗಳಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಲೇಸು. ಗೋಡೆ ಏಳುವ ಮೊದಲೇ ಕೊಡಬೇಕು. ಛಾವಣಿ ಬಿದ್ದ ಮೇಲೆ ತೆರವು ಬಹಳ ಕಷ್ಟ.

ನೋಂದಣಿ ದೊಡ್ಡ ಮಾತಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನರಿದ್ದರೆ ಸಾಕು. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ ಲೆಕ್ಕಪತ್ರ ಸಲ್ಲಿಸುವುದನ್ನು ಮಾತ್ರ ತಪ್ಪಿಸಬಾರದು.

ಇನ್ನು ಗಟಾರ. ನಮ್ಮ ಕಡೆಯದು ಎರೆಭೂಮಿ; ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಬಿರಿಯುವ ಈ ಮಣ್ಣಿನ ಮೇಲೆ ತಳ ಸರಿಯಾಗಿ ಕೂಡಿಸದೆ ಕಾಂಕ್ರೀಟು ಸುರಿದರೆ ಕೆಲವೇ ವರ್ಷಗಳಲ್ಲಿ ಬಿರುಕು ಬಿಟ್ಟು ಇಳಿಜಾರು ಕೆಡುತ್ತದೆ, ಹರಿಯಬೇಕಾದ ನೀರು ಮಡುಗಟ್ಟುತ್ತದೆ. ಹೀಗಾಗಿ ‘ಹೂಳು ತೆಗೆಸಿಕೊಡಿ’ ಎಂದಷ್ಟೇ ಬರೆದರೆ ಹೂಳು ತೆಗೆದು ಹೋಗುತ್ತಾರೆ, ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಗಟಾರದ ಕೊನೆ ಯಾವ ನಾಲಾಕ್ಕೆ ಕೂಡುತ್ತದೆ, ಆ ನಾಲಾದ ಮಟ್ಟ ಗಟಾರದ ತಳಕ್ಕಿಂತ ಕೆಳಗಿದೆಯೇ ಎಂಬುದನ್ನು ಸ್ಥಳದಲ್ಲಿ ನಿಂತು ತೋರಿಸುವಂತೆ ಅಭಿಯಂತರರನ್ನು ಕೇಳಿರಿ. ನಾಲಾ ಬೇರೆ ವಾರ್ಡಿನದಾದರೆ ಅಲ್ಲಿನ ಕಾಲೊನಿಯವರನ್ನೂ ಜೊತೆಗೆ ಕರೆದುಕೊಳ್ಳಬೇಕಾಗುತ್ತದೆ. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 243-ಎಸ್ ವಿಧಿ ಹೇಳುತ್ತದೆ, ಕಲಬುರಗಿ 2011ರ ಜನಗಣತಿಯಲ್ಲೇ ಐದು ಲಕ್ಷ ದಾಟಿದೆ. ಇಂಥ ಎರಡು ವಾರ್ಡುಗಳ ನಡುವಿನ ವಿಷಯವನ್ನು ವಾರ್ಡ್ ಸಮಿತಿಯಲ್ಲಿಯೇ ಎತ್ತುವುದು ಸರಿಯಾದ ದಾರಿ.

ಕಡೆಯದಾಗಿ, ಸಂಘದಲ್ಲಿ ಒಬ್ಬರಿಗೆ ದಿನಪತ್ರಿಕೆಯ ಪ್ರಕಟಣೆಗಳನ್ನು ಓದುವ ಕೆಲಸ ವಹಿಸಿರಿ. ನಗರದ ಯಾವ ಜಾಗ ಯಾವ ಬಳಕೆಗೆಂದು ಗೊತ್ತುಪಡಿಸುವ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ವಸತಿ ಎಂದಿರುವ ಜಾಗವನ್ನು ವಾಣಿಜ್ಯಕ್ಕೆ ಬದಲಾಯಿಸಬೇಕಾದರೆ, ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಪ್ರಕರಣದಂತೆ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಕನಿಷ್ಠ 15 ದಿನಗಳ ಕಾಲಾವಕಾಶ ಕೊಡಬೇಕು. ಸಣ್ಣ ಅಕ್ಷರದ ಆ ಪ್ರಕಟಣೆ ನಿಮ್ಮ ಸರ್ವೆ ನಂಬರಿನದಾಗಿದ್ದರೆ, ಅವಧಿಯೊಳಗೆ ಸಹಿಗಳೊಂದಿಗೆ ಪ್ರಾಧಿಕಾರದ ಟಪಾಲು ವಿಭಾಗಕ್ಕೆ ಆಕ್ಷೇಪಣೆ ಸಲ್ಲಿಸಿ, ಮೊಹರು ಹಾಕಿದ ಪ್ರತಿಯನ್ನು ಸಂಘದ ಕಡತದಲ್ಲಿ ಸೇರಿಸಿರಿ.