ಊರಿಗೆ ಹೋದರೆ ಕೆಮ್ಮಿಲ್ಲ, ಶೆಡ್‌ಗೆ ಬಂದರೆ ಮತ್ತೆ ಶುರು

ಪತ್ರ: ನನ್ನ ಯಜಮಾನರು ಪೀಣ್ಯದ ಒಂದು ಫ್ಯಾಬ್ರಿಕೇಷನ್ ಶೆಡ್‌ನಲ್ಲಿ ಸ್ಪ್ರೇ ಪೇಂಟರ್. ಹಾರ್ಡನರ್ ಬೆರೆಸುವ ಟು-ಕೆ ಪೇಂಟ್ ಹೊಡೆಯುತ್ತಾರೆ. ನಾಲ್ಕು ವರ್ಷ ಏನೂ ಆಗಿರಲಿಲ್ಲ. ಈಗ ಆರು ತಿಂಗಳಿಂದ ರಾತ್ರಿ ಕೆಮ್ಮು, ಎದೆ ಬಿಗಿತ. ಡಾಕ್ಟರು ಇನ್‌ಹೇಲರ್ ಕೊಟ್ಟಿದ್ದಾರೆ. ಊರಿಗೆ ಹೋದಾಗ ಚೆನ್ನಾಗಿರ್ತಾರೆ. ಓನರ್ ಕೇಳಿದರೆ ‘ಬೆಂಗಳೂರಿನ ಹವಾ ಅಷ್ಟೇ’ ಅಂತಾರೆ. ಕೆಲಸ ಬಿಡಿಸಲಾ? – ಓದುಗಿ, ಬೆಂಗಳೂರು

ಉತ್ತರ: ಊರಿಗೆ ಹೋದಾಗ ಚೆನ್ನಾಗಿರ್ತಾರೆ ಎಂದು ಬರೆದಿದ್ದೀರಲ್ಲ, ಡಾಕ್ಟರಿಗೆ ಮೊದಲು ಹೇಳಬೇಕಾದದ್ದು ಅದನ್ನೇ. ಯಾವ ಕೆಲಸ, ಯಾವ ಪೇಂಟ್ ಎಂಬುದನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ.

ಟು-ಕೆ ಪೇಂಟ್ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರ್‌ನಲ್ಲಿ ಸಾಮಾನ್ಯವಾಗಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಕೆಲಸದಿಂದ ಬರುವ ಅಸ್ತಮಾಕ್ಕೆ ಇದು ದೊಡ್ಡ ಕಾರಣಗಳಲ್ಲಿ ಒಂದು. ಶೆಡ್‌ನಲ್ಲಿ ಮೂಗಿಗೆ ಹೊಡೆಯುವುದು ಥಿನ್ನರ್ ವಾಸನೆ. ಐಸೋಸಯನೇಟ್ ವಾಸನೆ ಗೊತ್ತಾಗುವಷ್ಟರಲ್ಲಿ ಅದು ಸುರಕ್ಷಿತ ಮಿತಿ ದಾಟಿರುತ್ತದೆ. ನಾಲ್ಕು ವರ್ಷ ಸುಮ್ನಿದ್ದು ಈಗ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ. ದೇಹ ಇದಕ್ಕೆ ತಿರುಗಿಬೀಳಲು ತಿಂಗಳುಗಳೂ ಆಗಬಹುದು, ವರ್ಷಗಳೂ ಆಗಬಹುದು. ಒಮ್ಮೆ ತಿರುಗಿಬಿದ್ದರೆ ಆಮೇಲೆ ಚೂರು ಸೋಕಿದರೂ ಸಾಕು. ಹಗಲು ಹೊಡೆದ ಪೇಂಟಿಗೆ ರಾತ್ರಿ ಕೆಮ್ಮು ಬರುವುದೂ ಉಂಟು. ಅದಕ್ಕೇ ಎಷ್ಟೋ ಮಂದಿಗೆ ಕೆಲಸದ ಮೇಲೆ ಅನುಮಾನವೇ ಬರುವುದಿಲ್ಲ.

ಈಗಲೇ ಕೆಲಸ ಬಿಡಿಸಲಾ ಎಂದಿದ್ದೀರಿ. ಒಂದು ಮಾತು ಕೇಳಿ. ಕಾರಣ ಕೆಲಸವೇ ಎಂದು ತೋರಿಸುವುದು ಕೆಲಸದಲ್ಲಿ ಇರುವಾಗ ಸುಲಭ, ಬಿಟ್ಟ ಮೇಲೆ ಕಷ್ಟ. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಕೊಳವೆ, ಪಕ್ಕದಲ್ಲಿ ಅಂಕಿ, ಸರಿಯುವ ಒಂದು ಮುಳ್ಳು. ಎದ್ದು ನಿಂತು, ಎದೆ ತುಂಬಾ ಉಸಿರೆಳೆದು, ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮೂರು ಸಲ ಊದಿ ಜಾಸ್ತಿ ಬಂದ ಅಂಕಿ ಬರೆದಿಡಿ. ದಿನಕ್ಕೆ ನಾಲ್ಕು ಹೊತ್ತು, ಮೂರು ನಾಲ್ಕು ವಾರ, ರಜೆ ದಿನವೂ ಬಿಡದೆ. ಪಕ್ಕದಲ್ಲಿ ಅವತ್ತು ಪೇಂಟ್ ಹೊಡೆದರೋ ಇಲ್ಲವೋ ಎಂದು ಬರೆಯಿರಿ. ಕೆಲಸದ ದಿನ ಅಂಕಿ ಇಳಿದು, ರಜೆಯಲ್ಲಿ ಏರಿದರೆ, ಆ ನೋಟ್‌ಬುಕ್ಕೇ ಶ್ವಾಸಕೋಶ ತಜ್ಞರಿಗೆ ದೊಡ್ಡ ಸುಳಿವು. ಇದನ್ನೆಲ್ಲ ನಿಮ್ಮ ಡಾಕ್ಟರಿಗೆ ತಿಳಿಸಿಯೇ ಶುರು ಮಾಡಿ. ಇನ್‌ಹೇಲರ್ ನಿಲ್ಲಿಸಬೇಡಿ.

ಆದರೆ ಇನ್‌ಹೇಲರ್ ಎಳೆದುಕೊಂಡು ಅದೇ ಸ್ಪ್ರೇ ಗನ್ ಹಿಡಿಯುತ್ತಾ ವರ್ಷಗಟ್ಟಲೆ ಹೋಗಬಾರದು. ಹಾಗೆ ಮಾಡಿದವರಲ್ಲಿ ಅಸ್ತಮಾ ಕಾಯಂ ಆಗುವುದು ಜಾಸ್ತಿ. ಬೇಗ ದೂರ ಸರಿದವರು ಸುಧಾರಿಸುವುದೂ ಜಾಸ್ತಿ. ಕರ್ಚೀಫ್, ಬಟ್ಟೆ ಮಾಸ್ಕ್, ಎನ್-95 ಯಾವುದೂ ಈ ಆವಿಯನ್ನು ತಡೆಯುವುದಿಲ್ಲ. ಈ ಪೇಂಟಿಗೆ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್, ಗಾಳಿ ಹೊರಗೆಳೆಯುವ ಬೂತ್ ಬೇಕು. ಒಮ್ಮೆ ಅಸ್ತಮಾ ಬಂದವರಿಗೆ ಅದೂ ಸಾಲದೇ ಹೋಗಬಹುದು. ಅದಕ್ಕೇ ಅದೇ ಕಂಪನಿಯಲ್ಲಿ ಪೇಂಟಿನ ಹತ್ತಿರ ಬರದ ಕೆಲಸ ಕೇಳಿ.

ಸಂಬಳದ ಚೀಟಿಯಲ್ಲಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಡಿತ ಇದೆಯಾ ನೋಡಿ. ಇದ್ದರೆ ಚಿಕಿತ್ಸೆ ಉಚಿತ. ವಂತಿಗೆ ಸರಿಯಾಗಿ ಕಟ್ಟಿದ್ದರೆ ರಜೆ ಹಾಕಿದಾಗ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಸಿಗುತ್ತದೆ. ಕಾಯಿಲೆ ಕೆಲಸದಿಂದಲೇ ಬಂದಿದೆಯೇ ಎಂದು ಬರೆದುಕೊಡಲು ಇಎಸ್‌ಐ ಡಾಕ್ಟರನ್ನು ಕೇಳಿ. ಓನರ್ ಬೂತ್ ವಿಷಯಕ್ಕೆ ಕಿವಿಗೊಡದಿದ್ದರೆ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಗೆ ದೂರು ಕೊಡಬಹುದು. ಅದೇ ಶೆಡ್‌ನಲ್ಲಿ ಗನ್ ಹಿಡಿಯುವ ಬೇರೆಯವರಿಗೂ ಕೆಮ್ಮಿದೆಯಾ ವಿಚಾರಿಸಿ, ಇದ್ದರೆ ಒಟ್ಟಿಗೆ ಹೋಗಿ.

ಇದರ ಮಧ್ಯೆ ಮಾತಾಡಲೂ ಆಗದಷ್ಟು ಉಸಿರು ಕಟ್ಟಿದರೆ, ಇನ್‌ಹೇಲರ್ ಎಳೆದರೂ ಇಳಿಯದಿದ್ದರೆ, ನೋಟ್‌ಬುಕ್, ಓನರ್ ಎಲ್ಲ ಪಕ್ಕಕ್ಕಿಟ್ಟು ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.