ಊರಿನ ತೀರ್ಮಾನಕ್ಕೆ ಮಿತಿ ಎಲ್ಲಿದೆ?

ಪ್ರಶ್ನೆ: ಈಚೆಗೆ ನಡೆದ ಗ್ರಾಮಸಭೆಯಲ್ಲಿ ನಮ್ಮ ಬೀದಿಯ ಚರಂಡಿ ಕಾಮಗಾರಿಯ ಲೆಕ್ಕ ಕೇಳಿದೆ. ಲೆಕ್ಕ ಕೊಡುವ ಬದಲು, ಪಂಚಾಯಿತಿಯ ಹೆಸರು ಕೆಡಿಸಿದರೆ ಮಾನನಷ್ಟ ಮೊಕದ್ದಮೆ ಹೂಡುತ್ತೇವೆ ಎಂದು ಎಚ್ಚರಿಸಿದರು. ಇದೇ ಊರಿನಲ್ಲಿ ಬೇರೆ ಜಾತಿಯ ಹುಡುಗನನ್ನು ಮದುವೆಯಾದ ಹೆಣ್ಣುಮಗಳ ತವರಿನವರಿಗೆ ಯಾರೂ ಹಾಲು, ದಿನಸಿ ಕೊಡಬಾರದೆಂದು ಹಿರಿಯರು ಕಟ್ಟೆಯ ಮೇಲೆ ಕುಳಿತು ನಿರ್ಧರಿಸಿದ್ದಾರೆ. ಎರಡಕ್ಕೂ ‘ಇದು ಊರಿನ ತೀರ್ಮಾನ’ ಎಂಬ ಒಂದೇ ಸಮರ್ಥನೆ. ಸ್ಥಳೀಯ ಆಡಳಿತಕ್ಕೆ ಇನ್ನೂ ಹೆಚ್ಚಿನ ಅಧಿಕಾರ ಸಿಗಬೇಕೆಂದು ನಂಬಿದವನು ನಾನು. ಆದರೆ ಊರಿನ ಕೈ ಬಲವಾದಷ್ಟೂ ಒಬ್ಬೊಬ್ಬರ ಸ್ವಾತಂತ್ರ್ಯ ಕುಗ್ಗುತ್ತದೆಯೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಆತಂಕ ಸಂವಿಧಾನ ಸಭೆಯಷ್ಟೇ ಹಳೆಯದು. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತ ಡಾ. ಬಿ.ಆರ್. ಅಂಬೇಡ್ಕರ್ ಅವರು, ಹಳ್ಳಿಯೆಂಬುದು ಅಜ್ಞಾನ, ಸಂಕುಚಿತ ಬುದ್ಧಿ ಮತ್ತು ಕೋಮುಭಾವನೆಗಳ ಬೀಡು ಎಂದು ಕಟುವಾಗಿ ನುಡಿದು, ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ತನ್ನ ಘಟಕವಾಗಿ ಸ್ವೀಕರಿಸಿರುವುದು ತಮಗೆ ಸಂತೋಷ ತಂದಿದೆ ಎಂದರು. ಈ ಮಾತಿಗೆ ಸಭೆಯಲ್ಲಿ ಬಲವಾದ ಆಕ್ಷೇಪಗಳು ಬಂದವು. ಅದೇ ತಿಂಗಳು ಕೆ. ಸಂತಾನಂ ಅವರು ತಂದ ತಿದ್ದುಪಡಿಯ ಮೂಲಕ ಗ್ರಾಮ ಪಂಚಾಯಿತಿಗಳ ಸಂಘಟನೆಯ ಮಾತು ಸೇರಿತು; ಅದೇ ಇಂದಿನ 40ನೇ ವಿಧಿ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಅದಕ್ಕೆ ಗಟ್ಟಿಯಾದ ರೂಪ ಕೊಟ್ಟಿತು. ಇಷ್ಟಾದರೂ ಅಂಬೇಡ್ಕರ್ ಅವರ ನಿಲುವು ಸೋಲಲಿಲ್ಲ ಎಂದೇ ನನ್ನ ಭಾವನೆ. ಊರಿಗೆ ಆಡಳಿತದ ಅಧಿಕಾರ ಬಂತು, ಆದರೆ ಮೂಲಭೂತ ಹಕ್ಕುಗಳು ವ್ಯಕ್ತಿಯ ಬಳಿಯೇ ಉಳಿದವು. ಸಂವಿಧಾನದ 12ನೇ ವಿಧಿಯು ‘ಪ್ರಭುತ್ವ’ ಎಂದರೆ ಯಾರು ಎಂದು ಹೇಳುವಾಗ ಸ್ಥಳೀಯ ಪ್ರಾಧಿಕಾರಗಳನ್ನೂ ಅದರಲ್ಲಿ ಸೇರಿಸಿರುವುದರಿಂದ, ದೆಹಲಿಯ ಸರ್ಕಾರವನ್ನು ಕಟ್ಟಿಹಾಕುವ ಹಕ್ಕುಗಳೇ ನಿಮ್ಮ ಗ್ರಾಮ ಪಂಚಾಯಿತಿಯನ್ನೂ ಕಟ್ಟಿಹಾಕುತ್ತವೆ.

ಆದ್ದರಿಂದ ‘ಊರು’ ಎಂದು ಯಾರಾದರೂ ಹೇಳಿದಾಗ ಮೊದಲು ಕೇಳಬೇಕಾದುದು, ಯಾವ ಊರು ಎಂದು. ಚುನಾಯಿತ ಪಂಚಾಯಿತಿಗೆ ಕಾಯ್ದೆಯ ಆಧಾರವಿದೆ. ಅದರ ಠರಾವು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು, ಅದನ್ನು ಮೇಲಿನವರ ಮುಂದೆ ಪ್ರಶ್ನಿಸಬಹುದು. ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ಇದಾವುದೂ ಇಲ್ಲ. ಅವರು ಬುದ್ಧಿ ಹೇಳಬಹುದು, ರಾಜಿ ಮಾಡಿಸಬಹುದು, ಶಿಕ್ಷೆ ವಿಧಿಸಲಾರರು. 2018ರ ಮಾರ್ಚ್‌ನಲ್ಲಿ ಶಕ್ತಿ ವಾಹಿನಿ ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಇಬ್ಬರು ವಯಸ್ಕರು ಒಪ್ಪಿ ಆಗುವ ಮದುವೆಗೆ ಮನೆಯವರ, ಸಮುದಾಯದ ಅಥವಾ ಕುಲದ ಒಪ್ಪಿಗೆ ಬೇಕಿಲ್ಲವೆಂದು ಸ್ಪಷ್ಟಪಡಿಸಿ, ಇಂಥ ಜೋಡಿಗಳಿಗೂ ಅವರ ಕುಟುಂಬಗಳಿಗೂ ರಕ್ಷಣೆ ಒದಗಿಸುವ ಹೊಣೆಯನ್ನು ಪೊಲೀಸ್ ಮತ್ತು ಜಿಲ್ಲಾಡಳಿತದ ಮೇಲೆ ಹೊರಿಸಿದೆ. ಬಹಿಷ್ಕಾರಕ್ಕೆ ಗುರಿಯಾದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ಆ ಸಮುದಾಯಗಳಿಗೆ ಸೇರದವರು ಅದನ್ನು ಹೇರಿದ್ದರೆ, 2015ರಲ್ಲಿ ತಿದ್ದುಪಡಿಯಾದ ದೌರ್ಜನ್ಯ ತಡೆ ಕಾಯ್ದೆಯಡಿ ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರವೇ ಅಪರಾಧ. ಆ ಮನೆಯವರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತ ದೂರು ಕೊಡುವುದನ್ನು ಮುಂದೂಡಬಾರದು. ಮಕ್ಕಳ ಹಾಲಿಗೆ ಕಲ್ಲು ಹಾಕುವ ತೀರ್ಮಾನವನ್ನು ಸಂಪ್ರದಾಯ ಎಂದು ಕರೆಯುವುದು ಸಂಪ್ರದಾಯಕ್ಕೂ ಮಾಡುವ ಅಪಚಾರ.

ಇನ್ನು ಚರಂಡಿಯ ಲೆಕ್ಕ. 1994ರ ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ತನ್ನ ಮಾನ ಹೋಯಿತೆಂದು ಪರಿಹಾರಕ್ಕಾಗಿ ದಾವೆ ಹೂಡುವಂತಿಲ್ಲ ಎಂದಿದೆ. ಹಾಗಾಗಿ ‘ಪಂಚಾಯಿತಿಯ ಮಾನ’ ಎಂಬ ಬೆದರಿಕೆಗೆ ಹುರುಳಿಲ್ಲ. ಆದರೆ ಅಧ್ಯಕ್ಷರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಗುತ್ತಿಗೆದಾರರು ವ್ಯಕ್ತಿಗಳು. ಹೆಸರು ಹಿಡಿದು ‘ದುಡ್ಡು ತಿಂದರು’ ಎಂದು ಆಧಾರವಿಲ್ಲದೆ ಬರೆದರೆ ಮಾನನಷ್ಟವನ್ನು ಅಪರಾಧವೆನ್ನುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅವರ ನೆರವಿಗೆ ಬರುತ್ತದೆ. ಸತ್ಯವಾದ, ಸಾರ್ವಜನಿಕ ಹಿತಕ್ಕಾಗಿ ಆಡಿದ ಮಾತಿಗೂ, ಸಾರ್ವಜನಿಕ ಕರ್ತವ್ಯದಲ್ಲಿರುವವರ ನಡವಳಿಕೆಯ ಬಗ್ಗೆ ಸದ್ಭಾವನೆಯಿಂದ ಹೇಳಿದ ಅಭಿಪ್ರಾಯಕ್ಕೂ ಅದೇ ಕಲಂ ವಿನಾಯಿತಿ ನೀಡುತ್ತದೆ. ನೀವು ನಿಲ್ಲಬೇಕಾದ ನೆಲ ಈ ವಿನಾಯಿತಿ, ಮತ್ತು ಅಲ್ಲಿ ನಿಲ್ಲಲು ಕಾಗದ ಬೇಕು.

ಆ ಕಾಗದ ಸಿಗುತ್ತದೆ. ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ ಮತ್ತು ಬಿಲ್ಲಿನ ಪ್ರತಿಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿರಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು; ‘ಐದು ವರ್ಷದ ಎಲ್ಲ ಕಾಮಗಾರಿಗಳ ಎಲ್ಲ ಮಾಹಿತಿ’ ಎಂದು ಬರೆದ ಅರ್ಜಿ ತಿರಸ್ಕಾರಕ್ಕೆ ತಾನೇ ದಾರಿ ಮಾಡಿಕೊಡುತ್ತದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಿ. ಅಳತೆ ಪುಸ್ತಕ ಕೈಗೆ ಬಂದ ಮೇಲೆ ನಾಲ್ಕು ಜನರನ್ನು ಕರೆದುಕೊಂಡು ಟೇಪು ಹಿಡಿದು ಚರಂಡಿಯ ಉದ್ದ, ಅಗಲ, ಆಳಗಳನ್ನು ಅಳೆಯಿರಿ. ಪುಸ್ತಕದ ಅಳತೆಗಿಂತ ನೆಲದ ಅಳತೆ ಕಡಿಮೆಯಿದ್ದರೆ ಆ ಎರಡು ಅಂಕಿಗಳನ್ನು ಮಾತ್ರ ಪಕ್ಕಪಕ್ಕದಲ್ಲಿ ಬರೆದು ಗ್ರಾಮಸಭೆಯ ಮುಂದಿಡಿ, ನಡಾವಳಿಯಲ್ಲಿ ದಾಖಲಿಸಲು ಒತ್ತಾಯಿಸಿ. ಬೈಗುಳ ಸೇರಿಸುವ ಅಗತ್ಯವೇ ಬೀಳುವುದಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಕಳೆದ ಬಾರಿ ಬಾಯಿ ಮುಚ್ಚಿಸಿದವರು ಮುಂದಿನ ಬಾರಿಯೂ ನಿಮ್ಮ ಮುಂದೆ ಕೂರಲೇಬೇಕು.

ಒಂದು ಎಚ್ಚರಿಕೆಯೂ ಇರಲಿ. ಪಂಚಾಯಿತಿಯನ್ನು ಪ್ರಶ್ನಿಸುವ ಉತ್ಸಾಹದಲ್ಲಿ ವಸತಿ ಯೋಜನೆಯ ಫಲಾನುಭವಿಯ ಆಧಾರ್ ಸಂಖ್ಯೆಯನ್ನೋ, ಪಿಂಚಣಿ ಪಡೆಯುವ ಅಜ್ಜಿಯ ಕಾಯಿಲೆಯನ್ನೋ ಊರಿಗೆಲ್ಲ ಸಾರಬೇಡಿ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಸರ್ವಾನುಮತದಿಂದ ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಲೆಕ್ಕ ಬಯಲಾಗಬೇಕಾದುದು ಅಧಿಕಾರ ಹಿಡಿದವರದು.

ಪ್ರಶ್ನೆ: ನಮ್ಮಲ್ಲಿ ಪಂಚಾಯಿತಿ ಸದಸ್ಯ ಸ್ಥಾನವನ್ನು ಹರಾಜು ಹಾಕಿ, ಬಂದ ಹಣವನ್ನು ದೇವಸ್ಥಾನದ ಜೀರ್ಣೋದ್ಧಾರಕ್ಕೆ ಬಳಸುವ ಯೋಚನೆಯಿದೆ. ಜಗಳವಿಲ್ಲದೆ ಅವಿರೋಧ ಆಯ್ಕೆಯಾಗುತ್ತದೆ, ಎಲ್ಲರೂ ಒಪ್ಪಿದ್ದಾರೆ. ಇದರಲ್ಲಿ ಯಾರ ಹಕ್ಕಿಗೆ ಧಕ್ಕೆ?
– ಓದುಗರೊಬ್ಬರು, ಕಲಬುರಗಿ ಜಿಲ್ಲೆ

ಉತ್ತರ: ಒಪ್ಪದವರು ಬಾಯಿ ಬಿಡಲಾರದ ಕಡೆ ‘ಎಲ್ಲರೂ ಒಪ್ಪಿದ್ದಾರೆ’ ಎಂಬ ಮಾತಿಗೆ ಬೆಲೆಯಿಲ್ಲ. ಭಾರತೀಯ ನ್ಯಾಯ ಸಂಹಿತೆಯು ಚುನಾವಣಾ ಹಕ್ಕನ್ನು ವಿವರಿಸುವಾಗ ಮತ ಹಾಕುವುದನ್ನಷ್ಟೇ ಹೇಳದೆ, ಸ್ಪರ್ಧಿಸುವ, ಸ್ಪರ್ಧಿಸದಿರುವ ಮತ್ತು ಉಮೇದುವಾರಿಕೆ ಹಿಂತೆಗೆದುಕೊಳ್ಳುವ ಹಕ್ಕುಗಳನ್ನೂ ಸೇರಿಸಿದೆ. ಇವು ಒಬ್ಬೊಬ್ಬರ ಹಕ್ಕುಗಳು. ಊರು ಒಟ್ಟಾಗಿ ಮಾರುವ ಸೊತ್ತಲ್ಲ. ನಾಮಪತ್ರ ಸಲ್ಲಿಸಿದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಹೆದರಿಸುವುದೂ ಅದೇ ಸಂಹಿತೆಯ ಪ್ರಕಾರ ಅನುಚಿತ ಪ್ರಭಾವ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷಗಳ ಚಿಹ್ನೆಯಿಲ್ಲದೆ ನಡೆಯುವುದರಿಂದ, ಕೂಲಿ ಮಾಡುವ ಹೆಣ್ಣುಮಗಳೂ ಯಾರ ಟಿಕೆಟ್ಟಿಗೂ ಕಾಯದೆ ಕಣಕ್ಕಿಳಿಯಬಹುದಾದ ಚುನಾವಣೆ ಇದು. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರುವ ವ್ಯವಸ್ಥೆಯಲ್ಲಿ ಹರಾಜು ನಡೆದರೆ, ಆ ಸ್ಥಾನ ಹಣವಿರುವ ಗಂಡಸಿನ ಕೈಗೆ ಹೆಂಡತಿಯ ಹೆಸರಿನಲ್ಲಿ ಸೇರುತ್ತದೆ. ಕೊಟ್ಟ ಹಣವನ್ನು ಆತ ಎಲ್ಲಿಂದ ಹಿಂಪಡೆಯುತ್ತಾನೆಂಬುದಕ್ಕೆ ಮೇಲಿನ ಚರಂಡಿಯ ಪ್ರಶ್ನೆಯನ್ನು ಮತ್ತೊಮ್ಮೆ ಓದಿ.

2020ರ ಡಿಸೆಂಬರ್‌ನ ಚುನಾವಣೆಯ ವೇಳೆ ಇಂಥ ಹರಾಜುಗಳ ಸುದ್ದಿ ಬಂದಾಗ ರಾಜ್ಯ ಚುನಾವಣಾ ಆಯೋಗ ಕ್ರಮದ ಎಚ್ಚರಿಕೆ ನೀಡಿತ್ತು. ದೇವಸ್ಥಾನಕ್ಕೆ ಚಂದಾ ಎತ್ತಿರಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಹರಾಜಿನ ಸಭೆ ಕರೆದರೆ ಅದರ ದಿನ, ಸ್ಥಳಗಳನ್ನು ಬರೆದು ತಹಶೀಲ್ದಾರರಿಗೂ ಚುನಾವಣಾಧಿಕಾರಿಗೂ ನಾಮಪತ್ರದ ಗಡುವು ಮುಗಿಯುವ ಮೊದಲೇ ದೂರು ಕೊಟ್ಟು, ಸ್ವೀಕೃತಿ ಪಡೆದಿಟ್ಟುಕೊಳ್ಳಿ.