ಕಡ್ಡಿ ಫುಲ್ ಇದೆ, ಮೀಟಿಂಗ್ ಮಾತ್ರ ಓಡಲ್ಲ!

ಪ್ರಶ್ನೆ: ಸಾಗರದ ಹತ್ರ ನಮ್ದು ಹಳೇ ಜಂಬಿಟ್ಟಿಗೆ ಮನೆ ಸರ್, ಫೈಬರ್ ಬಾಕ್ಸ್ ಜಗಲೀಲಿದೆ, ಮಗಳು ಉಪ್ಪರಿಗೆ ರೂಮಲ್ಲಿ ಆಫೀಸ್ ಕೆಲಸ ಮಾಡೋದು. ವೈಫೈ ಸಿಗ್ನಲ್ ಮುಂದಕ್ಕೆ ದಾಟ್ಸೋ ರಿಪೀಟರ್ ತಂದು ಅವಳ ಟೇಬಲ್ ಪಕ್ಕಾನೇ ಹಾಕಿದೀವಿ, ಕಡ್ಡಿ ಫುಲ್ ತೋರ್ಸತ್ತೆ, ಮೀಟಿಂಗ್ ಮಾತ್ರ ನಿಂತು ನಿಂತು ಹೋಗತ್ತೆ. ಮೆಶ್ (ಒಂದೇ ವೈಫೈ ಥರ ಸೇರಿ ಕೆಲಸ ಮಾಡೋ ಯೂನಿಟ್ಟುಗಳ ಸೆಟ್ಟು) ತಗೋಬೇಕಾ?

ಉತ್ತರ: ಆ ಫುಲ್ ಕಡ್ಡಿ ರಿಪೀಟರಿಂದ ಲ್ಯಾಪ್‌ಟಾಪಿಗೆ ಇರೋ ಸಿಗ್ನಲ್ ಅಷ್ಟೇ, ಜಗಲಿಯಿಂದ ರಿಪೀಟರಿಗೆ ಎಷ್ಟು ಬರ್ತಿದೆ ಅಂತ ಅದು ಹೇಳಲ್ಲ. ಮೊದ್ಲು ಅದನ್ನ ಮೆಟ್ಟಿಲ ಹತ್ರ, ಅರ್ಧ ದಾರೀಲಿ ಹಾಕಿ ನೋಡಿ, ಖರ್ಚಿಲ್ಲ. ಮೆಶ್ ತಗೊಂಡ್ರೂ ಇದೇ ಕಥೆ, ಎರಡನೇ ಯೂನಿಟ್ಟನ್ನ ಸಿಗ್ನಲ್ಲೇ ಸಿಗದ ಜಾಗದಲ್ಲಿ ಇಟ್ರೆ ಅದೂ ದಂಡ. ವೈಫೈನ 5 ಗಿಗಾಹರ್ಟ್ಸ್ ಬ್ಯಾಂಡ್ ಸ್ಪೀಡ್ ಜಾಸ್ತಿ ಕೊಡತ್ತೆ ಆದ್ರೆ ದಪ್ಪ ಗೋಡೆ ದಾಟೋದ್ರಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡಿಗಿಂತ ವೀಕು, ಹಾಗಾಗಿ ನಿಮ್ಮಂಥ ಮನೇಲಿ ಎರಡು ಯೂನಿಟ್ ಮಧ್ಯೆ ಕ್ಯಾಟ್ 6 ನೆಟ್ವರ್ಕ್ ಕೇಬಲ್ ಎಳ್ಸಿಬಿಡೋದೇ ವಾಸಿ, 100 ಮೀಟರ್‌ವರೆಗೂ ತೊಂದ್ರೆ ಇಲ್ಲ, ಕೊಳ್ಳುವಾಗ ಈಥರ್ನೆಟ್ ಬ್ಯಾಕ್‌ಹಾಲ್ (ಯೂನಿಟ್ಟುಗಳನ್ನ ಕೇಬಲಲ್ಲೇ ಜೋಡ್ಸೋ ಸೌಲಭ್ಯ) ಇದೆಯಾ ಅಂತ ಕೇಳಿ ತಗೊಳ್ಳಿ. ಫೈಬರ್ ಬಾಕ್ಸಿನ ವೈಫೈ ಆಫ್ ಮಾಡಿ ಮೆಶ್‌ನ ಆಕ್ಸೆಸ್ ಪಾಯಿಂಟ್ ಮೋಡಲ್ಲಿ (ರೂಟರ್ ಕೆಲಸ ಬಾಕ್ಸಿಗೇ ಬಿಟ್ಟು ಬರೀ ವೈಫೈ ಕೊಡೋ ಸೆಟ್ಟಿಂಗ್) ಇಡಿ. ಹಾಂ, ಬಾಕ್ಸು, ಎರಡು ಯೂನಿಟ್ಟು ಎಲ್ಲಾನೂ ಯುಪಿಎಸ್ ಲೈನಿಗೇ ಹಾಕ್ಸಿ, ಮಳೆಗಾಲದಲ್ಲಿ ನಿಮ್ ಕಡೆ ಕರೆಂಟ್ ಕಥೆ ಗೊತ್ತಲ್ಲ.